ಗಣರಾಜ್ಯದ ಮೊದಲ ನಾಣ್ಯಗಳ ಸಂಗ್ರಹ (ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು)

ಸ್ವತಂತ್ರ ಭಾರತ 1950ರಿಂದ 1964ರವರೆಗೆ ಹೊರಡಿಸಿದ ಆಣೆ ಮತ್ತು ನಯಾಪೈಸೆ ನಾಣ್ಯಗಳನ್ನು ಕೂಡಿಡುವ ಹವ್ಯಾಸ. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಈ ತಾಲ್ಲೂಕುಗಳ ಪೈಕಿ ಚನ್ನಗಿರಿ ಮತ್ತು ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯದೇ ಭಾಗವಾಗಿತ್ತು.

ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲೇ ಮುಚ್ಚಿತ್ತು. ಹೀಗಾಗಿ ಇಲ್ಲಿನ ಸಂತೆಗಳಲ್ಲಿ ಶತಮಾನಕ್ಕೂ ಮೀರಿ ನಡೆದದ್ದು ಬ್ರಿಟಿಷ್ ನಾಣ್ಯವೇ. ಹೈದರಾಬಾದ್ ನಿಜಾಮರ ಏಳು ಹಾಲಿ ಸಿಕ್ಕಾ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಎಂದು ರಾಯಚೂರು ಸೀಮೆಯವರು ಹಾಕುತ್ತಿದ್ದ ಲೆಕ್ಕ ಇಲ್ಲಿಯವರಿಗೆ ಬೇಕಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಮೂರು ವರ್ಷ ಆರನೆಯ ಜಾರ್ಜ್‌ನ ಮುಖವೇ ಚಲಾವಣೆಯಲ್ಲಿತ್ತು.

1950ರ ಆಗಸ್ಟ್ 15ರಂದು ಹೊಸ ಸರಣಿ ಬಂತು. ರಾಜನ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ರೂಪಾಯಿಯ ಹಿಂಬದಿಯ ಹುಲಿ ಹೋಗಿ ತೆನೆ ಬಂತು. ಎರಡಾಣೆ, ಒಂದಾಣೆ, ಅರ್ಧಾಣೆಗಳ ಮೇಲೆ ಗೂಳಿ, ಕಂಚಿನ ಪೈಸೆಯ ಮೇಲೆ ಕುದುರೆ. ಲೆಕ್ಕ ಮಾತ್ರ ಬದಲಾಗಲಿಲ್ಲ: ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ಮೂಲೆ ದುಂಡಗಾದ ಚೌಕದ ಎರಡಾಣೆ, ಅಂಚು ಅಲೆಯಲೆಯಾದ ಒಂದಾಣೆ ಇವೆಲ್ಲ ಹಳೆಯ ಆಕಾರಗಳೇ.

ರೂಪಾಯಿ, ಎಂಟಾಣೆ, ನಾಲ್ಕಾಣೆಗಳು ನಿಕ್ಕಲ್‌ನವು, ಅಯಸ್ಕಾಂತಕ್ಕೆ ಅಂಟುತ್ತವೆ. ಎರಡನೇ ಮಹಾಯುದ್ಧದಲ್ಲಿ ಭಾರತ ಅಮೆರಿಕದಿಂದ ಸುಮಾರು 22.6 ಕೋಟಿ ಔನ್ಸ್ ಬೆಳ್ಳಿಯನ್ನು ಸಾಲವಾಗಿ ಪಡೆದಿತ್ತು. ಅದನ್ನು ಹಿಂದಿರುಗಿಸಬೇಕಾಗಿದ್ದರಿಂದ 1946–47ರಲ್ಲೇ ನಾಣ್ಯದಿಂದ ಬೆಳ್ಳಿಯನ್ನು ಕೈಬಿಡಲಾಯಿತು. ಬೆಳ್ಳಿ ರೂಪಾಯಿ ಅಕ್ಕಸಾಲಿಗರ ಮೂಸೆ ಸೇರುತ್ತಿತ್ತು. ನಿಕ್ಕಲ್ ಯಾವ ಒಡವೆಗೂ ಆಗದು. ಹಳ್ಳಿಮನೆಯ ಡಬ್ಬಿಗಳಲ್ಲಿ ಆಣೆ ಸರಣಿ ಉಳಿದದ್ದಕ್ಕೆ ದೇಶಾಭಿಮಾನಕ್ಕಿಂತ ಇದೇ ದೊಡ್ಡ ಕಾರಣವಿರಬೇಕು.

1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. 'ನಯಾ' ಎಂಬುದನ್ನು 1964ರ ಜೂನ್ 1ರಂದು ಬಿಡಲಾಯಿತು. ಆಣೆಯ ನಾಣ್ಯ ಹೋದರೂ ಇಪ್ಪತ್ತೈದು ಪೈಸೆಯನ್ನು ಜನ ನಾಲ್ಕಾಣೆ ಎಂದೇ ಕರೆದರು. 2011ರ ಜೂನ್ 30ರ ನಂತರ ಅದಕ್ಕೂ ಮಾನ್ಯತೆ ಇಲ್ಲವಾಯಿತು.

ಈ ಭಾಗದ ಹಳೆಯ ನಾಣ್ಯಪ್ರಿಯರ ಕಣ್ಣು ಸಹಜವಾಗಿ ಇಕ್ಕೇರಿ ವರಹ, ಆನೆ ಕಾಸುಗಳ ಮೇಲೆ. ಈ ಸೀಮೆಯ ಒಂದು ಭಾಗವನ್ನು ಕೆಳದಿ ನಾಯಕರು ಆಳಿದ್ದರು. ಆದರೆ ನೆಲದಲ್ಲಿ ಸಿಕ್ಕ ಅಂಥ ನಿಧಿಗೆ ಕರ್ನಾಟಕದ 1962ರ ನಿಧಿ ಕಾಯ್ದೆ ಅನ್ವಯಿಸುತ್ತದೆ, ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆಯೂ ಇದೆ. ಗಣರಾಜ್ಯದ ನಾಣ್ಯಕ್ಕೆ ಈ ತೊಡಕಿಲ್ಲ. ಶಾಲಾಮಕ್ಕಳು ಹವ್ಯಾಸ ಶುರುಮಾಡುವುದಾದರೆ ಇಲ್ಲಿಂದಲೇ ಲೇಸು.

ಇಸವಿ ಮತ್ತು ಟಂಕಸಾಲೆ ನೋಡಿ ಜೋಡಿಸುವುದು ರೂಢಿ. ಇಸವಿಯ ಕೆಳಗೆ ಪುಟ್ಟ ವಜ್ರಾಕೃತಿ ಇದ್ದರೆ ಮುಂಬಯಿ, ಗುರುತೇ ಇಲ್ಲದಿದ್ದರೆ ಕಲ್ಕತ್ತ. 1950ರ ಪೈಸೆ ದಪ್ಪ, ಆಮೇಲಿನವು ತೆಳು. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದ ಪೈಸೆಯಲ್ಲಿ ಕುದುರೆ ಸವೆದಿರುತ್ತದೆ, ಸಂಗ್ರಾಹಕರು ಅದನ್ನು ಮುಟ್ಟುವುದಿಲ್ಲ. ಇವು ಕೋಟಿಗಟ್ಟಲೆ ಅಚ್ಚಾದ ನಾಣ್ಯಗಳಾದ್ದರಿಂದ ಸವೆದವಕ್ಕೆ ಬೆಲೆ ಅಲ್ಪ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಮೊದಲು ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಅಂಥ ವ್ಯವಹಾರ ತಾನು ಮಾಡುವುದಿಲ್ಲ, ಯಾರಿಗೂ ಅದರ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದೆ.