ರಂಗನತಿಟ್ಟು ಪಕ್ಷಿಧಾಮ: ಪರಿಚಯ ಹಾಗೂ ಇತಿಹಾಸ

ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕಾವೇರಿ ನದಿಯ ಪಾತ್ರದಲ್ಲಿರುವ ನಡುಗಡ್ಡೆಗಳ ಸಮೂಹವೇ ರಂಗನತಿಟ್ಟು ಪಕ್ಷಿಧಾಮ. ‘ತಿಟ್ಟು’ ಎಂದರೆ ನೀರಿನ ನಡುವಿನ ದಿಬ್ಬ ಎಂದರ್ಥ.

ಇತಿಹಾಸ

ಮೈಸೂರು ಅರಸರಾದ ಕಂಠೀರವ ನರಸರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1645ರಿಂದ 1648ರ ಅವಧಿಯಲ್ಲಿ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೆಯನ್ನು ನಿರ್ಮಿಸಲಾಯಿತು. ಇದರಿಂದ ನದಿಯಲ್ಲಿ ನೀರು ನಿಂತು ಈ ನಡುಗಡ್ಡೆಗಳು ರೂಪುಗೊಂಡವು. ಸುತ್ತಲೂ ನೀರಿರುವುದರಿಂದ ಮನುಷ್ಯರ ಹಾಗೂ ನೆಲದ ಪ್ರಾಣಿಗಳ ಕಾಟ ಕಡಿಮೆಯಾಗಿ, ಹಕ್ಕಿಗಳು ಇಲ್ಲಿ ಗೂಡು ಕಟ್ಟತೊಡಗಿದವು. ಪಕ್ಷಿತಜ್ಞ ಡಾ. ಸಲೀಂ ಅಲಿ ಅವರು ಈ ಸ್ಥಳದ ಮಹತ್ವವನ್ನು ಗುರುತಿಸಿ ಮಾಡಿದ ಸಲಹೆಯ ಮೇರೆಗೆ, ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿ, ಕರ್ನಾಟಕದ ಪ್ರಥಮ ರಾಮ್ಸರ್ ತಾಣವೆನಿಸಿತು.

ಜೀವಸಂಪತ್ತು

ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆ ಮುಂತಾದ ಪಕ್ಷಿಗಳು ಇಲ್ಲಿ ಕಂಡುಬರುತ್ತವೆ. ನದಿಯಲ್ಲಿ ಮೊಸಳೆ ಹಾಗೂ ನೀರುನಾಯಿಗಳಿವೆ. ದಡದಲ್ಲಿ ಹೊಳೆಮತ್ತಿ, ಬಿದಿರು, ಕೇದಗೆಗಳು ಬೆಳೆದಿವೆ.

ನೀರಿನ ಹರಿವು ಮತ್ತು ಸಂರಕ್ಷಣೆ

ನೀರಿನಿಂದಲೇ ರೂಪುಗೊಂಡ ಈ ತಾಣದ ಅಳಿವು ಉಳಿವು ಇಂದಿಗೂ ನೀರಿನ ಹರಿವನ್ನೇ ಅವಲಂಬಿಸಿದೆ. ಮೇಲ್ಭಾಗದಲ್ಲಿರುವ ಕೃಷ್ಣರಾಜಸಾಗರ ಜಲಾಶಯದಿಂದ ಅಧಿಕ ಪ್ರಮಾಣದಲ್ಲಿ ನೀರು ಹೊರಬಿಟ್ಟಾಗ ನಡುಗಡ್ಡೆಗಳು ಮುಳುಗಿ, ತಗ್ಗಿನಲ್ಲಿರುವ ಗೂಡು, ಮೊಟ್ಟೆ ಹಾಗೂ ಮರಿಗಳು ಕೊಚ್ಚಿಹೋಗುವ ಸಂಭವವಿರುತ್ತದೆ. ಮಣ್ಣು ಸವೆದು ಮರಗಳೂ ಉರುಳುತ್ತವೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಪಕ್ಷಿಧಾಮವು ಜಲಾವೃತವಾಗಿತ್ತು. ನೀರು ತೀರಾ ಇಳಿದರೆ ನಡುಗಡ್ಡೆಗಳಿಗೆ ನೀರಿನ ಕಾವಲು ತಪ್ಪುತ್ತದೆ.

ಸಾರ್ವಜನಿಕರ ಗಮನಕ್ಕೆ

1. ಪ್ರವೇಶ ಹಾಗೂ ದೋಣಿ ವಿಹಾರಕ್ಕೆ ನಿಗದಿತ ಶುಲ್ಕ ಪಾವತಿಸಿ ಟಿಕೆಟ್ ಪಡೆಯತಕ್ಕದ್ದು.
2. ನದಿಯಲ್ಲಿ ಪ್ರವಾಹವಿರುವಾಗ ದೋಣಿ ವಿಹಾರವನ್ನು ಸ್ಥಗಿತಗೊಳಿಸಲಾಗುವುದು. ಮಳೆಗಾಲದಲ್ಲಿ ಬರುವವರು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಸೂಕ್ತ.
3. ಸಂಶೋಧನೆ ಹಾಗೂ ಚಲನಚಿತ್ರ ಚಿತ್ರೀಕರಣಕ್ಕೆ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ಪೂರ್ವಾನುಮತಿ ಅಗತ್ಯ.
4. ಮೊಸಳೆಗಳಿರುವ ಕಾರಣ ನೀರಿಗಿಳಿಯುವುದು, ದೋಣಿಯಿಂದ ಕೈ ಚಾಚುವುದು ಅಪಾಯಕರ.
5. ಗದ್ದಲದಿಂದ ಬೆದರಿದ ಹಕ್ಕಿಗಳು ಗೂಡು ಬಿಟ್ಟು ಹಾರಿದಲ್ಲಿ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ತುತ್ತಾಗುತ್ತವೆ. ಆದ್ದರಿಂದ ಮೌನ ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.