ಸಾಬೂನಿನ ಮೇಲೆ ಬಿಡಿಸಿದ ನಕಾಶೆ

ಫೆಲೆಸ್ತೀನಿನ ನಾಬ್ಲುಸ್ ಪಟ್ಟಣ ಶತಮಾನಗಳಿಂದ ಸಾಬೂನಿಗೆ ಹೆಸರುವಾಸಿ. ಝೈತೂನ್ ಎಣ್ಣೆ, ನೀರು ಮತ್ತು ಕ್ಷಾರ, ಇಷ್ಟೇ ಅದರ ಸಾಮಗ್ರಿ. ಕಾಯಿಸಿದ ಪಾಕವನ್ನು ನೆಲದ ಮೇಲೆ ಹರಡಿ, ಗಟ್ಟಿಯಾದ ಮೇಲೆ ಚೌಕಗಳಾಗಿ ಕತ್ತರಿಸಿ, ಮುದ್ರೆಯೊತ್ತಿ, ಗೋಪುರದಂತೆ ಪೇರಿಸಿ ಒಣಗಿಸುತ್ತಾರೆ. 1996ರಲ್ಲಿ ಮೋನಾ ಹಾತೂಮ್ ಎಂಬ ಕಲಾವಿದೆ ಇಂತಹ ಎರಡು ಸಾವಿರಕ್ಕೂ ಹೆಚ್ಚು ಸಾಬೂನುಗಳನ್ನು ಪೂರ್ವ ಜೆರುಸಲೇಮಿನ ಅನಾದೀಲ್ ಗ್ಯಾಲರಿಯ ನೆಲದ ಮೇಲೆ ಒತ್ತೊತ್ತಾಗಿ ಜೋಡಿಸಿದರು. ಬಳಿಕ ಕೆಂಪು ಗಾಜಿನ ಪುಟ್ಟ ಮಣಿಗಳನ್ನು ಅವುಗಳಲ್ಲಿ ಒತ್ತಿ ಒಂದು ನಕಾಶೆ ಬಿಡಿಸಿದರು. ಓಸ್ಲೋ ಒಪ್ಪಂದದಂತೆ ಫೆಲೆಸ್ತೀನಿಯರಿಗೆ ಹಿಂದಿರುಗಬೇಕಾಗಿದ್ದ ಭೂಭಾಗಗಳ ನಕಾಶೆ ಅದು. ಒಂದಕ್ಕೊಂದು ತಾಗದ ಚೂರುಗಳು, ನೀರಿನಲ್ಲಿ ಚದುರಿದ ದ್ವೀಪಗಳಂತೆ.

ಬಣ್ಣ, ಕುಂಚ, ಕ್ಯಾನ್ವಾಸ್ ಬಿಟ್ಟು ಸಾಬೂನು, ತಲೆಗೂದಲು, ತುರಿಮಣೆಗಳನ್ನು ಕೈಗೆತ್ತಿಕೊಳ್ಳುವ ಕಲಾವಿದರನ್ನು ಕಂಡರೆ ಇದೆಲ್ಲ ಗಮನ ಸೆಳೆಯುವ ತಂತ್ರವೆಂದು ನಮ್ಮಲ್ಲಿ ಹಲವರಿಗೆ ಅನಿಸುವುದುಂಟು. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಹಾತೂಮ್ ಅವರ ವಸ್ತುಗಳ ಆಯ್ಕೆಯ ಹಿಂದೆ ಮನೆ ಕಳೆದುಕೊಂಡವರ ಚರಿತ್ರೆಯೇ ಇದೆ.

ಅವರ ಹೆತ್ತವರು ಹೈಫಾದವರು. ತಂದೆ ಬ್ರಿಟಿಷ್ ಆಡಳಿತದಲ್ಲಿ ನೌಕರರಾಗಿದ್ದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ಲಕ್ಷಾಂತರ ಫೆಲೆಸ್ತೀನಿಯರಂತೆ ಈ ಕುಟುಂಬವೂ ಊರು ತೊರೆದು ಲೆಬನಾನಿನ ಬೈರೂತ್ ಸೇರಿತು. 1952ರಲ್ಲಿ ಮೋನಾ ಹುಟ್ಟಿದ್ದು ಅಲ್ಲಿ. ಲೆಬನಾನಿನ ಗುರುತುಚೀಟಿ ಇವರಿಗೆ ಸಿಗಲಿಲ್ಲ. ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. ಹುಟ್ಟಿದ ಊರಿನಲ್ಲಿ ಪರಕೀಯರು, ತಮ್ಮದಾದ ಊರಿಗೆ ಪ್ರವೇಶವಿಲ್ಲ! 1975ರಲ್ಲಿ ಮೋನಾ ಲಂಡನ್‌ಗೆ ಪ್ರವಾಸ ಹೋಗಿದ್ದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. ವಿಮಾನ ನಿಲ್ದಾಣ ಮುಚ್ಚಿತು. ಹೀಗೆ ಹೆತ್ತವರು ಒಮ್ಮೆ ಕಂಡ ಗಡಿಪಾರನ್ನು ಮಗಳು ಎರಡನೆಯ ಬಾರಿ ಕಂಡರು. ಅಲ್ಲಿಯೇ ಉಳಿದು ಬೈಯಮ್ ಶಾ ಮತ್ತು ಸ್ಲೇಡ್ ಕಲಾಶಾಲೆಗಳಲ್ಲಿ ಕಲಿತರು.

ಆರಂಭದಲ್ಲಿ ಅವರ ಸಾಮಗ್ರಿ ಸ್ವಂತ ದೇಹವೇ ಆಗಿತ್ತು. 1982ರ ಒಂದು ಪ್ರದರ್ಶನದಲ್ಲಿ ಮೈಯೆಲ್ಲ ಜೇಡಿಮಣ್ಣು ಮೆತ್ತಿಕೊಂಡು, ಪಾರದರ್ಶಕ ಪೆಟ್ಟಿಗೆಯೊಳಗೆ ಏಳು ಗಂಟೆಗಳ ಕಾಲ ಏಳುತ್ತ, ಜಾರಿ ಬೀಳುತ್ತ, ಮತ್ತೆ ಏಳುತ್ತ ಇದ್ದರು. ಕೆಲವೇ ದಿನಗಳಲ್ಲಿ ಇಸ್ರೇಲ್ ಸೇನೆ ಲೆಬನಾನಿಗೆ ನುಗ್ಗಿ ಬೈರೂತನ್ನು ಮುತ್ತಿತು. 1988ರಲ್ಲಿ ತಯಾರಾದ ಹದಿನೈದು ನಿಮಿಷಗಳ ಒಂದು ವಿಡಿಯೋ ಇನ್ನೂ ಆಪ್ತವಾದದ್ದು. ತಾಯಿ ಬೈರೂತಿನಿಂದ ಅರಬಿಯಲ್ಲಿ ಬರೆದ ಪತ್ರಗಳನ್ನು ಮಗಳು ಇಂಗ್ಲಿಷಿನಲ್ಲಿ ಓದುತ್ತಾರೆ. ತಾಯಿಯ ಚಿತ್ರದ ಮೇಲೆ ಅದೇ ಪತ್ರದ ಅಕ್ಷರಗಳು ಒಮ್ಮೆ ಪರದೆಯಂತೆ, ಮತ್ತೊಮ್ಮೆ ಮುಳ್ಳುತಂತಿಯಂತೆ ಕಾಣುತ್ತವೆ. ಆ ಚಿತ್ರಗಳು ಸ್ನಾನದ ಮನೆಯಲ್ಲಿ ತೆಗೆದವು. ತಂದೆಗೆ ಅದು ಇಷ್ಟವಾಗಿರಲಿಲ್ಲ. ನಮ್ಮ ಓದುಗರಲ್ಲೂ ಅನೇಕರಿಗೆ ಇಷ್ಟವಾಗಲಾರದು. ಆದರೆ ಯುದ್ಧವು ತಾಯಿ ಮಗಳನ್ನು ಹೇಗೆ ಅಗಲಿಸುತ್ತದೆ ಎಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಕೃತಿಗಳು ಕಡಿಮೆ.

ಬಳಿಕ ದೇಹ ಹಿಂದೆ ಸರಿದು ಮನೆಬಳಕೆಯ ವಸ್ತುಗಳು ಮುಂದೆ ಬಂದವು. ಅರಬರ ಕೆಫಿಯೆ ಎಲ್ಲರಿಗೂ ಗೊತ್ತು. ಯಾಸಿರ್ ಅರಫಾತರ ತಲೆಯ ಮೇಲೆ ಅದು ಒಂದು ಹೋರಾಟದ ಗುರುತೇ ಆಗಿಬಿಟ್ಟಿತ್ತು. ಹಾತೂಮ್ 1993ರಿಂದ 1999ರ ನಡುವೆ ರೂಪಿಸಿದ ಕೆಫಿಯೆಯ ಕಸೂತಿ ಹೆಣ್ಣಿನ ಕೂದಲಿನದು. ಎಳೆಗಳು ಅಂಚು ಮೀರಿ ಇಳಿಬಿದ್ದಿವೆ. ಗಂಡಸರ ಉಡುಪೆಂದೇ ಪ್ರಸಿದ್ಧವಾದ ಬಟ್ಟೆಯಲ್ಲಿ ಮಹಿಳೆಯರ ಪಾಲನ್ನು ತೋರಿಸಲು ಭಾಷಣ ಬೇಕಾಗಲಿಲ್ಲ. 2000ದ ಒಂದು ಕೃತಿಯಲ್ಲಿ ಅಡುಗೆಮನೆಯ ಪಾತ್ರೆ, ಮೇಜು, ಮಂಚಗಳನ್ನು ವಿದ್ಯುತ್ ತಂತಿಯಿಂದ ಬಿಗಿದಿದ್ದಾರೆ. ಜರಡಿಯೊಳಗಿನ ಬಲ್ಬು ಉರಿದು ಮಂಕಾಗುತ್ತದೆ, ವಿದ್ಯುತ್ತಿನ ಗುಂಯ್‌ಗುಡುವಿಕೆ ಕೇಳುತ್ತದೆ. ನೋಡುಗರು ತಂತಿಬೇಲಿಯ ಆಚೆ. ಮನೆ ಕಣ್ಣೆದುರೇ ಇದೆ, ಒಳಗೆ ಹೋಗುವಂತಿಲ್ಲ. ಫೆಲೆಸ್ತೀನಿ ಚಿಂತಕ ಎಡ್ವರ್ಡ್ ಸಈದ್ ಅದೇ ವರ್ಷ ಈ ಕಲಾವಿದೆಯ ಬಗ್ಗೆ ಪ್ರಬಂಧ ಬರೆದರು. ಎರಡು ವರ್ಷಗಳ ನಂತರ ಅವರು ತುರಿಮಣೆಯನ್ನು ಆಳೆತ್ತರದ ಮಡಚುವ ಪರದೆಯಾಗಿ ನಿಲ್ಲಿಸಿದರು.

1995ರಲ್ಲಿ ಬ್ರಿಟನ್ನಿನ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿತ್ತು. 2017ರಲ್ಲಿ ಹಿರೋಷಿಮಾ ಕಲಾ ಪ್ರಶಸ್ತಿ, 2019ರಲ್ಲಿ ಜಪಾನಿನ ಪ್ರೀಮಿಯಂ ಇಂಪೀರಿಯಾಲೆ ದೊರೆತವು.

ಆದರೂ ಜೆರುಸಲೇಮಿನ ಆ ಸಾಬೂನುಗಳಿಗೇ ಮತ್ತೆ ಬರಬೇಕಾಗುತ್ತದೆ. ಹೆತ್ತವರ ನಾಡಿಗೆ ಅದು ಅವರ ಮೊದಲ ಭೇಟಿಯಾಗಿತ್ತು. ಗ್ಯಾಲರಿಗೆ ಬಂದ ಫೆಲೆಸ್ತೀನಿಯರು ನಕಾಶೆಗಿಂತ ಮೊದಲು ಆ ವಾಸನೆಯನ್ನು ಗುರುತಿಸಿದರು. ಅದು ಅವರ ಮನೆಯ ವಾಸನೆ. ಇದು ಕರಗಿದರೆ ಈ ಗಡಿಗಳೂ ಕರಗಿ ಹೋಗುತ್ತವೆ, ಅದಕ್ಕಾಗಿಯೇ ಸಾಬೂನು ಆರಿಸಿದಿರಾ ಎಂದು ಒಬ್ಬರು ವಿಚಾರಿಸಿದರಂತೆ. ಟೆಲ್ ಅವೀವ್‌ನಿಂದ ಬಂದ ಯಹೂದಿ ಪ್ರೇಕ್ಷಕರೊಬ್ಬರಿಗೆ ಸಾಬೂನು ಕಂಡೊಡನೆ ನೆನಪಾದದ್ದು ನಾಝಿ ಶಿಬಿರಗಳು. ಒಂದೇ ವಸ್ತುವಿನ ಎದುರು ಎರಡು ಜನಾಂಗಗಳ ಗಾಯಗಳು!

2002ರಲ್ಲಿ ಇಸ್ರೇಲ್ ಸೇನೆ ನಾಬ್ಲುಸ್‌ಗೆ ನುಗ್ಗಿದಾಗ ಹಳೆಪೇಟೆಯ ಸಾಬೂನು ಕಾರ್ಖಾನೆಗಳೂ ಧ್ವಂಸವಾದವು. ಉಳಿದ ಕೆಲವರು ಕಸುಬನ್ನು ಮುಂದುವರಿಸಿದರು. 2024ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾತೂಮ್ ಅವರ ಸಾಬೂನಿನ ನಕಾಶೆ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.