ಉಪ್ಪಿನ ಪರವಾನಗಿ ಕಾನೂನುಗಳ ರದ್ದತಿ

ಕಡಲ ನೀರಿನಿಂದಾಗಲಿ ಚೌಳು ಮಣ್ಣಿನಿಂದಾಗಲಿ ಉಪ್ಪು ತೆಗೆಯಬೇಕಾದರೆ ಸರ್ಕಾರದ ಪರವಾನಗಿ ಇರಲೇಬೇಕೆಂದು ಬ್ರಿಟಿಷರ ಕಾಲದಲ್ಲಿ ಹೇರಿದ ಕಾನೂನುಗಳು ಭಾರತದಲ್ಲಿ ಹಂತಹಂತವಾಗಿ ಕೊನೆಗೊಂಡ ಚರಿತ್ರೆ. ಇದು ಗಾಂಧೀಜಿಯ ದಂಡಿ ಸತ್ಯಾಗ್ರಹದಿಂದ ಆರಂಭವಾಗಿ 1947ರಲ್ಲಿ ಮುಗಿಯಿತೆಂಬುದು ಸಾಮಾನ್ಯ ತಿಳಿವಳಿಕೆ. ಆ ವರ್ಷ ಹೋದದ್ದು ಉಪ್ಪಿನ ಸುಂಕ ಮಾತ್ರ. ಪರವಾನಗಿ ಅದರ ನಂತರ ಸುಮಾರು ಅರ್ಧ ಶತಮಾನ ಬದುಕಿತ್ತು. ಸುಂಕವನ್ನೂ ಪರವಾನಗಿಯನ್ನೂ ‘ಉಪ್ಪಿನ ಕಾನೂನು’ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತ ಬಂದದ್ದೇ ಗೊಂದಲದ ಮೂಲ.

ಈಸ್ಟ್ ಇಂಡಿಯಾ ಕಂಪನಿ 1772ರಲ್ಲಿ ಬಂಗಾಳದ ಉಪ್ಪನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 1805ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲೂ ಏಕಸ್ವಾಮ್ಯ ಬಂತು. ಉಪ್ಪು ಸುಂಕ ತಪ್ಪಿಸಿ ಸಾಗದಂತೆ ಉತ್ತರ ಭಾರತಕ್ಕೆ ಅಡ್ಡಲಾಗಿ ಬೆಳೆಸಿದ್ದ ಮುಳ್ಳುಬೇಲಿಯ ಗಡಿಯನ್ನು 1879ರಲ್ಲಿ ಕೈಬಿಡಲಾಯಿತು. ಆದರೆ ಅದೇ ಹೊತ್ತಿಗೆ ಹಿಡಿತ ಬೇಲಿಯಿಂದ ಕಾಗದಕ್ಕೆ ದಾಟಿತು. 1882ರ ಭಾರತ ಉಪ್ಪಿನ ಕಾಯಿದೆ, 1889ರ ಮದ್ರಾಸ್ ಕಾಯಿದೆ, 1890ರ ಬೊಂಬಾಯಿ ಕಾಯಿದೆ ಒಂದರ ಹಿಂದೊಂದು ಬಂದವು. ಉಪ್ಪು ಬೆಳೆಯುವ ಆಗರ ನಡೆಸುವುದಕ್ಕೆ ಪರವಾನಗಿ, ಅಲ್ಲಿಂದ ಉಪ್ಪು ಹೊರಗೆ ಒಯ್ಯುವುದಕ್ಕೆ ಬೇರೆ ಅಪ್ಪಣೆ, ತಾನಾಗಿ ಹೆಪ್ಪುಗಟ್ಟಿದ ಉಪ್ಪನ್ನು ಕೆರೆದುಕೊಂಡರೂ ಅಪರಾಧ.

ಕನ್ನಡ ನಾಡಿನ ಕರಾವಳಿಗೆ ಈ ಕಾನೂನು ಎರಡು ದಾರಿಯಿಂದ ಬಂತು. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಬೊಂಬಾಯಿಗೆ ಸೇರಿದ್ದರಿಂದ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳು ಬೊಂಬಾಯಿ ಕಾಯಿದೆಯ ಕೆಳಗೆ ಬಂದವು. ಮಂಗಳೂರಿನ ಕಡೆ ಮದ್ರಾಸ್ ಕಾಯಿದೆ ನಡೆಯಿತು. ಒಳನಾಡಿನ ನಷ್ಟ ಇದಕ್ಕಿಂತ ದೊಡ್ಡದು, ಬರಹಗಳಲ್ಲಿ ಅದಕ್ಕೆ ಸಿಕ್ಕ ಜಾಗ ಮಾತ್ರ ಚಿಕ್ಕದು. ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಬತ್ತಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ಅವರ ಹೆಸರು ಹುಟ್ಟಿದ್ದೇ ಉಪ್ಪಿನಿಂದ. ಸುಂಕಕ್ಕೆ ಸಿಗದ ಈ ಮಣ್ಣುಪ್ಪನ್ನು ಮದ್ರಾಸ್ ಸರ್ಕಾರ ತನ್ನ ಜಿಲ್ಲೆಗಳಲ್ಲಿ ಅಡಗಿಸಿತು. ಬಹಳ ಮಂದಿ ಉಪ್ಪಾರರು ಕೆರೆ ಕೆಲಸ, ಮಣ್ಣು ಕೆಲಸ, ಗಾರೆ ಕೆಲಸದ ಕಡೆ ಹೊರಳಿದರು. ಪರವಾನಗಿ ಕಾನೂನು ಒಂದು ಕಸುಬನ್ನು ಹೇಗೆ ನುಂಗುತ್ತದೆ ಎಂಬುದನ್ನು ಸುಂಕದ ಅಂಕಿಗಳಲ್ಲಿ ಹುಡುಕಿದರೆ ಕಾಣುವುದಿಲ್ಲ.

ಸುಂಕದ ಏರಿಳಿತದ ದಾಖಲೆ ಸ್ಪಷ್ಟವಾಗಿದೆ. ಮಣಕ್ಕೆ ಎರಡೂವರೆ ರೂಪಾಯಿ ಇದ್ದದ್ದು 1907ರ ಹೊತ್ತಿಗೆ ಒಂದು ರೂಪಾಯಿಗೆ ಇಳಿಯಿತು. 1923ರಲ್ಲಿ ಶಾಸನಸಭೆಯ ವಿರೋಧವನ್ನು ಬದಿಗೊತ್ತಿ ವೈಸರಾಯ್ ಅದನ್ನು ಮತ್ತೆ ಎರಡೂವರೆಗೆ ಏರಿಸಿದರು, ಮರುವರ್ಷವೇ ಇಳಿಸಬೇಕಾಯಿತು. 1930ರ ಏಪ್ರಿಲ್ 6ರ ದಂಡಿ, ಅದೇ ತಿಂಗಳ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ನಡೆದ ಸತ್ಯಾಗ್ರಹ, ಇವೆರಡೂ ಎಲ್ಲರಿಗೂ ಗೊತ್ತಿರುವಂಥವು.

ಕಡಿಮೆ ಓದಿಗೆ ಬಂದಿರುವುದು 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದ ಉಪ್ಪಿನ ಭಾಗ. ಉಪ್ಪಿನ ಕಾಯಿದೆಗಳನ್ನು ಹೇಳಿಕೊಳ್ಳುವಷ್ಟು ಬದಲಾಯಿಸಲಾಗದು ಎಂದು ಸರ್ಕಾರ ಅದರಲ್ಲಿ ನೇರವಾಗಿಯೇ ಹೇಳಿತು. ಉಪ್ಪು ಸಿಗುವ ಜಾಗದ ಪಕ್ಕದ ಹಳ್ಳಿಯವರು ಮನೆಬಳಕೆಗೆ, ಇಲ್ಲವೇ ಆ ಹಳ್ಳಿಯೊಳಗೆ ಮಾರುವುದಕ್ಕೆ ಉಪ್ಪು ಮಾಡಿಕೊಳ್ಳಬಹುದು, ಹೊರಗಿನವರಿಗೆ ಮಾರುವಂತಿಲ್ಲ. ಇದು ರಿಯಾಯಿತಿ, ರದ್ದತಿಯಲ್ಲ. ಕಾನೂನು ಆಗಲೇ ಸತ್ತಿತೆಂದು ಬರೆಯುವವರು ಈ ಸಾಲುಗಳನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಹಳೆಯ ಕಾಯಿದೆಗಳ ಹೆಸರು ಅಳಿದದ್ದು 1944ರಲ್ಲಿ. ಅದೂ ಬಿಡುಗಡೆಯ ಉದ್ದೇಶದಿಂದಲ್ಲ. ಚದುರಿದ್ದ ಸುಂಕದ ಕಾನೂನುಗಳನ್ನೆಲ್ಲ ಸೇರಿಸಿ ‘ಕೇಂದ್ರ ಅಬಕಾರಿ ಮತ್ತು ಉಪ್ಪು ಕಾಯಿದೆ’ ರೂಪಿಸಿದಾಗ ಪರವಾನಗಿಯ ನಿಯಮ ಅದರೊಳಗೆ ಹೊಸ ಮನೆ ಕಂಡುಕೊಂಡಿತು. 1947ರ ಫೆಬ್ರವರಿ 28ರಂದು ಮಧ್ಯಂತರ ಸರ್ಕಾರದ ಹಣಕಾಸು ಸಚಿವ ಲಿಯಾಖತ್ ಅಲಿ ಖಾನ್ ಸುಂಕ ರದ್ದನ್ನು ಪ್ರಕಟಿಸಿದರು. ಗಾಂಧೀಜಿಯ ಬೇಡಿಕೆ ಮುಸ್ಲಿಂ ಲೀಗಿನ ನಾಯಕರೊಬ್ಬರ ಬಜೆಟ್ಟಿನಲ್ಲಿ ಈಡೇರಿದ ಈ ಸಂಗತಿಯನ್ನು ನೆನೆಯುವವರು ಕಡಿಮೆ.

ಸುಂಕವೇ ಇಲ್ಲದ ಮೇಲೆ ಪರವಾನಗಿ ಏಕೆ? ಉಪ್ಪಿನ ಕೊರತೆ, ಗುಣಮಟ್ಟ, ಸಾಗಣೆ ಎಂಬ ಹೊಸ ಕಾರಣಗಳು ಹಳೆಯ ಚೌಕಟ್ಟಿಗೆ ಆಸರೆಯಾದವು. 1948ರಲ್ಲಿ ಹತ್ತು ಎಕರೆಯವರೆಗಿನ ಆಗರಗಳಿಗೆ ಪರವಾನಗಿಯಿಂದ ವಿನಾಯಿತಿ ದೊರೆಯಿತು, ಅದಕ್ಕಿಂತ ದೊಡ್ಡವಕ್ಕೆ ಹಿಡಿತ ಉಳಿಯಿತು. ಸಂವಿಧಾನ ಉಪ್ಪಿನ ತಯಾರಿಕೆ ಮತ್ತು ವಿತರಣೆಯನ್ನು ಕೇಂದ್ರ ಪಟ್ಟಿಯ 58ನೆಯ ನಮೂದಾಗಿಸಿತು. 1953ರಲ್ಲಿ ಮಣಕ್ಕೆ ಎರಡಾಣೆಯಂತೆ ಉಪ್ಪಿನ ಸೆಸ್ ಬಂತು. ಹೋದ ಸುಂಕಕ್ಕೆ ಹೋಲಿಸಿದರೆ ಇದು ಚಿಲ್ಲರೆ ಮೊತ್ತ. ಉಪ್ಪಿನ ಉದ್ಯಮದ ಅಭಿವೃದ್ಧಿಗೆಂಬುದು ಅದರ ಉದ್ದೇಶ. ಆದರೂ ಉಪ್ಪಿನ ಮೇಲೆ ಮತ್ತೆ ಸರ್ಕಾರದ ವಸೂಲಿ ಕೂತದ್ದಂತೂ ನಿಜ.

ಹತ್ತು ಎಕರೆಯ ವಿನಾಯಿತಿಯನ್ನು ಹೇಗೆ ಓದಬೇಕೆಂಬ ಬಗ್ಗೆ ಒಮ್ಮತವಿಲ್ಲ. ಬಡ ಉಪ್ಪಿಗರಿಗೆ ಅದು ಸ್ವಾತಂತ್ರ್ಯ ಕೊಟ್ಟಿತೆಂಬುದು ಒಂದು ವಾದ. ಅವರನ್ನು ದಾಖಲೆಯ ಹೊರಗೆ ನಿಲ್ಲಿಸಿತೆಂಬುದು ಇನ್ನೊಂದು. ಎರಡನೆಯ ವಾದಕ್ಕೆ ಗುಜರಾತಿನ ಸಣ್ಣ ರಣದಲ್ಲಿ ಉಪ್ಪು ಬೆಳೆಯುವ ಅಗರಿಯಾಗಳ ಸ್ಥಿತಿ ಬಲ ಕೊಡುತ್ತದೆ. 1973ರಲ್ಲಿ ಆ ಪ್ರದೇಶ ಕಾಡುಕತ್ತೆಗಳ ಅಭಯಾರಣ್ಯವಾದಾಗ, ತಲೆಮಾರುಗಳಿಂದ ಉಪ್ಪು ಬೆಳೆದವರು ತಮ್ಮ ಪಾತಿಗಳ ಮೇಲಿನ ಹಕ್ಕನ್ನು ಕಾಗದದಲ್ಲಿ ತೋರಿಸಲು ಪರದಾಡಬೇಕಾಯಿತು.

ಪರವಾನಗಿ ನಿಜವಾಗಿ ಕೊನೆಗೊಂಡದ್ದು 1996ರಲ್ಲಿ. ಆ ವರ್ಷದ ಹಣಕಾಸು ಶಾಸನದ ಮೂಲಕ 1944ರ ಕಾಯಿದೆಯ ಹೆಸರಿನಿಂದ ‘ಉಪ್ಪು’ ಎಂಬ ಪದವೇ ಬಿದ್ದುಹೋಗಿ, ಅದು ಬರಿಯ ಕೇಂದ್ರ ಅಬಕಾರಿ ಕಾಯಿದೆಯಾಯಿತು. ಮೆರವಣಿಗೆಯಿಲ್ಲ, ಭಾಷಣವಿಲ್ಲ. ಸಾವಿರಾರು ಜನ ಜೈಲು ಕಂಡ ಪ್ರಶ್ನೆಯೊಂದು ತೆರಿಗೆ ತಿದ್ದುಪಡಿಗಳ ಕಂತೆಯಲ್ಲಿ ಮುಗಿಯಿತು. ಸಾರ್ವಜನಿಕ ನೆನಪಿನಲ್ಲಿ ಈ ವರ್ಷ ನಿಲ್ಲದಿರಲು ಬಹುಶಃ ಇದೇ ಕಾರಣ. 2016ರಲ್ಲಿ ಅಲ್ಪ ಆದಾಯದ ಸೆಸ್‌ಗಳನ್ನು ಕೈಬಿಟ್ಟಾಗ ಉಪ್ಪಿನ ಸೆಸ್ಸೂ ಹೋಯಿತು.

ಅಷ್ಟರಲ್ಲಿ ನಿಯಂತ್ರಣ ಆಹಾರದ ಕಾನೂನಿನ ಕಡೆಯಿಂದ ಒಳಬಂದಿತ್ತು. ಗಳಗಂಡ ತಡೆಯಲೆಂದು ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದನ್ನು 1998ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. 2000ದಲ್ಲಿ ನಿಷೇಧ ತೆಗೆದು, 2006ರಲ್ಲಿ ಮತ್ತೆ ಹೇರಲಾಯಿತು. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಆ ನಿಯಮವನ್ನು ಅಸಿಂಧುಗೊಳಿಸಿತಾದರೂ ಅದೇ ವರ್ಷ ಜಾರಿಗೆ ಬಂದ ಆಹಾರ ಸುರಕ್ಷತಾ ನಿಬಂಧನೆಗಳು ನಿರ್ಬಂಧವನ್ನು ಉಳಿಸಿದವು. ಆರೋಗ್ಯದ ಉದ್ದೇಶ ಪ್ರಶ್ನಾತೀತ. ಅಯೋಡಿನ್ ಬೆರೆಸುವ ಯಂತ್ರ ಕೊಳ್ಳಲಾಗದ ಸಣ್ಣ ಆಗರಗಳಿಗೆ ಮಾತ್ರ ಊಟದ ಉಪ್ಪಿನ ಮಾರುಕಟ್ಟೆ ಮತ್ತೆ ದೂರವಾಯಿತು.

ಜೈಪುರದಲ್ಲಿ ಕೇಂದ್ರ ಕಚೇರಿಯುಳ್ಳ ಉಪ್ಪು ಆಯುಕ್ತರ ಸಂಸ್ಥೆ ಪರವಾನಗಿ ಹೋದಮೇಲೂ ಉಳಿದುಕೊಂಡಿತು. ಅದರ ಸುಪರ್ದಿಗೆ ಬಂದ ಕೇಂದ್ರ ಸರ್ಕಾರದ ಜಮೀನು ಸುಮಾರು 60,000 ಎಕರೆ. ಅಲ್ಲಿ ಉಪ್ಪು ಬೆಳೆಯುವವರಿಗೆ ಪರವಾನಗಿ ಬೇಡ, ಗುತ್ತಿಗೆ ಪತ್ರ ಬೇಕು.